ಕುಂದ್ರಿ ಅನ್ನದ ಮನೆಯವರು

ಉತ್ತರದಲ್ಲಿ ಅಕ್ಷರ ಒಂದೂ ಇರಲಿಲ್ಲ. ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಅದೂ ಒಂದೇ. ಮೂರು ನಾಲ್ಕು ಇದ್ದಿದ್ದರೆ ಬರೆದವರಿಗೆ ಸಿಟ್ಟು ಬಂದಿದೆ ಎಂದಾದರೂ ಸಮಾಧಾನಪಟ್ಟುಕೊಳ್ಳಬಹುದಿತ್ತು, ಏಕೆಂದರೆ ಸಿಟ್ಟು ಎಂಬುದು ಆಸ್ಥೆಯ ದೂರದ ಸಂಬಂಧಿ. ಇಲ್ಲಿ ಒಂದು ಬಾಗಿದ ಬೆನ್ನು, ಅದರ ಕೆಳಗೊಂದು ಚುಕ್ಕೆ, ಸುತ್ತ ಬೇಕಾದಷ್ಟು ಬಿಳಿ ಜಾಗ, ಅಷ್ಟೇ. ಪುಟ ತುಂಬ ಬರೆದು ಕಳಿಸಿದ ನನಗೆ ಜಗತ್ತು ಕೊಟ್ಟ ಮೊದಲ ಮಾರುತ್ತರ ಅದು.

ಜಗತ್ತು ಎಂದರೆ, ಪ್ರೋಗ್ರಾಮ್ ಬರೆಯುವವರು ಒಬ್ಬರಿಗೊಬ್ಬರು ನೆರವಾಗುವ ಒಂದು ಇಂಟರ್ನೆಟ್ ವೇದಿಕೆ. ನಾನು ಅದರ ಎದುರು ಕುಳಿತಿದ್ದುದು ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಶಾರದಕ್ಕನ ಅಂಗಡಿಯಲ್ಲಿ. ಅದು ಮೊದಲು ಎಸ್‌ಟಿಡಿ ಬೂತಾಗಿತ್ತು. ಗಾಜಿನ ಗೂಡು, ಫೋನು ಎರಡೂ ಇನ್ನೂ ಇದ್ದವು. ಗಣಿಯ ದುಡ್ಡು ಊರಿಗೆ ಹರಿಯತೊಡಗಿದ ಮೇಲೆ ಶಾರದಕ್ಕ ಉಳಿದ ಜಾಗದಲ್ಲಿ ಕಂಪ್ಯೂಟರುಗಳನ್ನಿಟ್ಟು, ಒಂದೊಂದಕ್ಕೂ ಮರೆ ಕಟ್ಟಿಸಿ, ಆ ಮರೆಗಳ ಹಿಂದೆ ಏನು ನಡೆಯುತ್ತದೆಂದು ಇಣುಕಿ ನೋಡುವ ಜವಾಬ್ದಾರಿಯನ್ನೂ ತಾವೇ ವಹಿಸಿಕೊಂಡಿದ್ದರು. ನಾನು ಮಾತ್ರ ಬಾಗಿಲಿಗೆ ಕಾಣುವ, ಮರೆಯಿಲ್ಲದ ಜಾಗವನ್ನೇ ಕೇಳಿ ಪಡೆಯುತ್ತಿದ್ದೆ. ಒಬ್ಬಂಟಿ ಹುಡುಗಿ ಮರೆಯಲ್ಲಿ ಕೂತರೆ ಊರಿಗೆ ಕುತೂಹಲ. ಬಯಲಲ್ಲಿ ಕೂತರೆ ಯಾರಿಗೂ ಬೇಡ. ಗುಟ್ಟಾಗಿರಬೇಕೆಂದರೆ ಬಯಲೇ ಒಳ್ಳೆಯದೆಂಬುದು ನನ್ನ ಅನುಭವ.

"ಏನಂದ್ರು ನಿಮ್ಮ ಮಂದಿ?" ಎಂದು ಶಾರದಕ್ಕ ನನ್ನ ಭುಜದ ಮೇಲಿಂದ ಬಗ್ಗಿದರು.

ಪರದೆಯನ್ನು ತೋರಿಸಿದೆ.

"ಇಷ್ಟಾ? ಅಯ್ಯ, ಇದೇನು ಉತ್ತರಾನ? ನೊಣ ಕುಂತಂಗ ಐತಲ್ಲ."

ಸಮಸ್ಯೆಯನ್ನು ಇಲ್ಲಿ ಹೇಳಿಬಿಡುವುದು ಮೇಲು, ಇಲ್ಲವಾದರೆ ನೀವೂ ಅಂಥದೇ ಒಂದು ಚಿಹ್ನೆಯನ್ನು ನನ್ನತ್ತ ಎಸೆದೀರಿ. ವಿಶ್ವವಿದ್ಯಾಲಯದಿಂದ ಕಂಪ್ಯೂಟರ್ ಪದವಿ ಹಿಡಿದು ಹೊರಬಂದ ನನಗೆ ಹೊಸಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಅಂಗಡಿಯ ಮಾಲೀಕರು ಮಂಜಣ್ಣ. ಗಣಿ ಮಂದಿ ಏನು ಕೇಳಿದರೂ ಮೊದಲು ಹೂಂ ಅನ್ನಬೇಕು, ಆಮೇಲೆ ಅದು ಏನೆಂದು ತಿಳಿದುಕೊಳ್ಳಬೇಕು ಎಂಬುದು ಅವರ ವ್ಯಾಪಾರನೀತಿ. ಪಾಪಿನಾಯಕನಹಳ್ಳಿಯ ಹತ್ತಿರ ಅದಿರಿನ ಲಾರಿಗಳನ್ನು ತೂಗುವ ಒಂದು ಅಂಗಳವಿತ್ತು. ಲಾರಿಯನ್ನು ಇಡಿಯಾಗಿ ನಿಲ್ಲಿಸಿ ತೂಗುವ ಆ ಕಬ್ಬಿಣದ ಹಾಸನ್ನು ನಮ್ಮ ಕಡೆ ಕಾಟಾ ಎನ್ನುತ್ತಾರೆ. ಅದರ ತೂಕ ಒಂದು ಡಬ್ಬಿಯಲ್ಲಿ ಕೆಂಪು ಅಂಕಿಗಳಾಗಿ ಹೊಳೆಯುತ್ತದೆ. ಆ ಡಬ್ಬಿಯಿಂದ ಒಂದು ತಂತಿ ಎಳೆದು ಅಂಕಿಗಳು ನೇರವಾಗಿ ಕಂಪ್ಯೂಟರಿಗೆ ಬರುವಂತೆ ಪ್ರೋಗ್ರಾಮ್ ಬರೆದುಕೊಡಬೇಕೆಂದು ಅಂಗಳದ ಗೌಡರು ಕೇಳಿದರು. ಮಂಜಣ್ಣ ಹೂಂ ಅಂದರು. ಬರೆದವಳು ನಾನು.

ಮೊದಮೊದಲು ಅದು ಚೆನ್ನಾಗಿಯೇ ನಡೆಯಿತು. ಲಾರಿ ಕಾಟಾ ಹತ್ತಿದರೆ ಪರದೆಯ ಮೇಲೆ ತೂಕ ಮೂಡುತ್ತಿತ್ತು. ನನ್ನ ಮುಖದ ಮೇಲೂ ಏನೋ ಮೂಡುತ್ತಿತ್ತೆಂದು ಮಂಜಣ್ಣ ಹೇಳುತ್ತಿದ್ದರು. ಆಮೇಲೆ ಒಂದು ಬುಧವಾರ ಸಂಜೆಯಿಂದ ಅಂಕಿಗಳ ಬದಲಿಗೆ ಅಪರಿಚಿತ ಚಿಹ್ನೆಗಳು ಬರತೊಡಗಿದವು. ನಕ್ಷತ್ರ, ಆವರಣ, ಅರ್ಧ ಅಕ್ಷರ, ನಡುನಡುವೆ ಪ್ರಶ್ನಾರ್ಥಕ. ಅದಿರು ತುಂಬಿದ ಲಾರಿಯೊಂದು ತನ್ನ ಭಾರವನ್ನು ಇಷ್ಟೊಂದು ಒಗಟಾಗಿ ಹೇಳಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಸಾಲಿನಲ್ಲಿ ನಿಂತಿದ್ದ ಡ್ರೈವರೊಬ್ಬರು, "ಇರ್ಲಿ ಬಿಡ್ರಿ ಮೇಡಂ, ಹಿಂಗಿದ್ರ ಭಾಳ ಮಂದಿಗೆ ಅನುಕೂಲ ಆಕತಿ" ಎಂದು ಸಮಾಧಾನ ಹೇಳಿದರು. ಪರವಾನಗಿಗಿಂತ ಹೆಚ್ಚು ಅದಿರು ಸಾಗುತ್ತಿದ್ದ ಆ ಕಾಲದ ನಮ್ಮ ಊರನ್ನು ಬಲ್ಲವರಿಗೆ ಅದರಲ್ಲಿ ಎಷ್ಟು ಸತ್ಯವಿತ್ತೆಂದು ನಾನು ಹೇಳಬೇಕಿಲ್ಲ.

ಆದರೆ ಗೌಡರಿಗೆ ಅನುಕೂಲವಾಗಲಿಲ್ಲ. ಸೋಮವಾರ ಬೆಳಿಗ್ಗೆ ತಾವು ಬಂದು ನೋಡುವುದಾಗಿಯೂ, ಆಗಲೂ ಅಂಕಿ ಕಾಣದಿದ್ದರೆ ಕಂಪ್ಯೂಟರನ್ನು ಮಂಜಣ್ಣನ ಅಂಗಡಿಯ ಮುಂದೆ ಇಳಿಸಿ ಹೋಗುವುದಾಗಿಯೂ ಹೇಳಿಕಳಿಸಿದರು. ಮಂಜಣ್ಣ ಒಳ್ಳೆಯವರು, ಬೈಯಲಿಲ್ಲ, "ನೋಡು ತಂಗಿ, ಇದು ಹಿಡೀತಂದ್ರ ಸಂಡೂರು ಕಡೆ ಇರೋ ಕಾಟಾ ಎಲ್ಲಾ ನಮ್ಮವ. ಹಿಡೀಲಿಲ್ಲಂದ್ರ ನನಗ ಪ್ರೋಗ್ರಾಮ್ ಬರಿಯೋರು ಯಾಕ ಬೇಕು, ನೀನ ಹೇಳು" ಎಂದರು. ಅತ್ತ ಕಂಪ್ಲಿಯಲ್ಲಿ ನನ್ನ ಸೋದರಮಾವ ಬಿ.ಎಡ್. ಸೀಟೊಂದನ್ನು ನನಗಾಗಿ ಹಿಡಿದಿಟ್ಟುಕೊಂಡು ಕಾಯುತ್ತಿದ್ದರು, ಬಸ್ಸಿನಲ್ಲಿ ಟವೆಲು ಹಾಕಿ ಸೀಟು ಹಿಡಿಯುತ್ತಾರಲ್ಲ, ಅಷ್ಟೇ ಶ್ರದ್ಧೆಯಿಂದ. ಮಂಗಳವಾರ ಅವರ ಜೀಪು ಹೊಸಪೇಟೆಗೆ ಬರುವುದಿತ್ತು. ಮಕ್ಕಳಿಗೆ ಪಾಠ ಹೇಳುವುದು ಕೀಳೆಂದು ನಾನು ಅಂದುಕೊಂಡಿಲ್ಲ. ಆದರೆ ನಾನು ಬರೆದ ಯಾವುದೋ ಒಂದು, ಕೆಂಪು ಧೂಳಿನ ನಡುವೆ ಕುಳಿತು ತನ್ನಷ್ಟಕ್ಕೆ ಕೆಲಸ ಮಾಡುತ್ತಿರುವುದನ್ನು ಒಮ್ಮೆ ನೋಡಿದ ಮೇಲೆ, ಆ ಜೀಪು ಹತ್ತಲು ನನಗೆ ಮನಸ್ಸಿರಲಿಲ್ಲ.

ಹೀಗಾಗಿ ಕೇಳಬೇಕಾಯಿತು. ಕೇಳುವುದು ನನಗೆ ಸುಲಭವಲ್ಲ. ವಿಶ್ವವಿದ್ಯಾಲಯದಲ್ಲಿ ನಮ್ಮ ಅಧ್ಯಾಪಕರೊಬ್ಬರು ಪಾಠ ಮುಗಿದ ಮೇಲೆ ಬೋರ್ಡು ಒರೆಸುತ್ತ, ನಮ್ಮ ಕಡೆ ಬೆನ್ನು ಮಾಡಿಕೊಂಡು, "ಎನಿ ಡೌಟ್ಸ್?" ಎನ್ನುತ್ತಿದ್ದರು, ಆ ಪದ ಮುಗಿಯುವಷ್ಟರಲ್ಲಿ ಅವರ ಒಂದು ಕಾಲು ಬಾಗಿಲಾಚೆ ಇರುತ್ತಿತ್ತು. ಕೇಳಿದವರನ್ನು ಒಂದೋ ಉದ್ಧಟರೆಂದು, ಇಲ್ಲವೇ ಪಾಠ ಕೇಳದವರೆಂದು ಎಣಿಸುವ ವಾಡಿಕೆಯಿತ್ತು. ಒಂದೂ ಪ್ರಶ್ನೆ ಕೇಳದೆ ಪ್ರಥಮ ದರ್ಜೆಯಲ್ಲಿ ಪಾಸಾದವಳು ನಾನು. ಆದ್ದರಿಂದ ಆ ವೇದಿಕೆಗೆ ಬರೆದದ್ದು ನನ್ನ ಬದುಕಿನಲ್ಲಿ ನಾನು ನಾಲ್ಕು ಜನರ ನಡುವೆ ಕೇಳಿದ ಮೊದಲ ಪ್ರಶ್ನೆ. ಹೆಸರು ಕೇಳಿದ ಜಾಗದಲ್ಲಿ ಎರಡು ಇನಿಷಿಯಲ್ಲು ಮಾತ್ರ ಕೊಟ್ಟೆ. ಉಳಿದದ್ದನ್ನು ನಮ್ಮ ಕಡೆಯ ಪದ್ಧತಿಯಂತೆ ಬರೆದೆ.

ಪದ್ಧತಿ ಏನೆಂದರೆ, ನಮ್ಮಲ್ಲಿ ಯಾರೂ ಬಂದ ಕೆಲಸವನ್ನು ಬಂದ ಕೂಡಲೆ ಹೇಳುವುದಿಲ್ಲ. ಒಬ್ಬರ ಮನೆಗೆ ನೆರವು ಕೇಳಲು ಹೋದರೆ ಮೊದಲು ಅವರು ಕುಂದ್ರಿ ಎಂದು ಕೂರಿಸುತ್ತಾರೆ, ನೀರು ಕೊಡುತ್ತಾರೆ, ಆಮೇಲೆ ಮನೆಯವರ ಆರೋಗ್ಯ, ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ, ಯಾರ ಮಗಳಿಗೆ ಎಲ್ಲಿಯ ಗಂಡು ಗೊತ್ತಾಯಿತು, ಇವೆಲ್ಲ ಆಗುತ್ತವೆ, ಚಹಾ ಬರುತ್ತದೆ, ಬೇಡವೆನ್ನುತ್ತ ಕುಡಿಯುತ್ತೇವೆ. ಎದ್ದು, ಚಪ್ಪಲಿ ಮೆಟ್ಟಿ, ಅಂಗಳ ದಾಟುವಾಗ ತಿರುಗಿ ನಿಂತು, "ಅಂದಂಗ..." ಎಂದು ಶುರು ಮಾಡುವುದೇ ಬಂದ ಕೆಲಸ. ಮನೆಯವರಿಗೂ ಅದು ಗೊತ್ತು. ಅದಕ್ಕಾಗಿಯೇ ಅವರೂ ಬಾಗಿಲತನಕ ಬಂದಿರುತ್ತಾರೆ. ಅದಕ್ಕಿಂತ ಮೊದಲೇ ಹೇಳಿಬಿಟ್ಟರೆ ಮನುಷ್ಯರಿಗಾಗಿ ಬಂದಿಲ್ಲ, ಕೆಲಸಕ್ಕಾಗಿ ಬಂದಿದ್ದಾರೆ ಎಂದಾಗುತ್ತದೆ. ನಿಜ ಅದೇ ಇರಬಹುದು. ಆದರೆ ನಿಜವನ್ನು ಅಷ್ಟು ಬತ್ತಲೆ ಬಿಡಲಿಕ್ಕೆ ನಮಗೆ ಮನಸ್ಸಾಗುವುದಿಲ್ಲ.

ನಾನು ಬರೆದ ಪ್ರಶ್ನೆಯೂ ಈ ದಾರಿಯಲ್ಲೇ ನಡೆದಿತ್ತು. ಮಾನ್ಯರೇ ಎಂದು ಆರಂಭಿಸಿ, ಎಲ್ಲರೂ ಕ್ಷೇಮವೆಂದು ನಂಬಿ, ನಾನು ಹಂಪೆಗೆ ಸಮೀಪದ ಊರಿನವಳೆಂದು ತಿಳಿಸಿ, ಹಂಪೆ ಎಲ್ಲಿದೆ ಎಂದು ವಿವರಿಸಿ, ಅವರ ಪೈಕಿ ಯಾರಾದರೂ ಬಂದರೆ ತುಂಬ ಸಂತೋಷವೆಂದು ಸೇರಿಸಿ, ಅವರ ಅಮೂಲ್ಯ ಸಮಯವನ್ನು ವ್ಯರ್ಥಗೊಳಿಸಿದ್ದಕ್ಕೆ ಕ್ಷಮೆ ಕೋರಿ, ಮುಂಗಡವಾಗಿ ಕೃತಜ್ಞತೆ ಹೇಳಿ, ಕೊನೆಯ ಸಾಲಿನಲ್ಲಿ ತೂಕ ಸರಿಯಾಗಿ ಬರುತ್ತಿಲ್ಲ ಎಂದಿದ್ದೆ. ಯಾವ ತೂಕ, ಎಲ್ಲಿಗೆ ಬರುತ್ತಿಲ್ಲ, ಪ್ರೋಗ್ರಾಮ್ ಯಾವುದು, ಈ ಸಂಗತಿಗಳನ್ನು ಅವರು ಬಾಗಿಲವರೆಗೆ ಬಂದ ಮೇಲೆ ಹೇಳಿದರಾಯಿತೆಂದು ಬಿಟ್ಟಿದ್ದೆ.

ಅವರು ಬಾಗಿಲವರೆಗೆ ಬರಲಿಲ್ಲ. ಪ್ರಶ್ನಾರ್ಥಕದ ನಂತರ ಬಂದ ಮಹಾಶಯರು, ಪ್ರಶ್ನೆ ಕೇಳುವುದು ಹೇಗೆಂಬ ಬಗ್ಗೆ ಬಹು ದೀರ್ಘವಾದ ಉಪದೇಶವೊಂದರ ವಿಳಾಸ ಕೊಟ್ಟು ಹೋದರು. ಇನ್ನೊಬ್ಬರು ಇದು ನಿನ್ನ ಕಾಲೇಜಿನ ಮನೆಗೆಲಸವೇ ಎಂದು ವಿಚಾರಿಸಿದರು. ಮತ್ತೊಬ್ಬರು ಇದನ್ನು ಈಗಾಗಲೇ ಯಾರೋ ಕೇಳಿದ್ದಾರೆಂದು ತಿಳಿಸಿದರು. ಹೋಗಿ ನೋಡಿದರೆ ಅಲ್ಲಿ ಯಾರೋ ದೇಹದ ತೂಕ ಇಳಿಸುವ ಲೆಕ್ಕದ ಪ್ರೋಗ್ರಾಮ್ ಕೇಳಿದ್ದರು. ಕಟ್ಟಕಡೆಗೆ ವೇದಿಕೆಯ ಮೇಲ್ವಿಚಾರಕರೊಬ್ಬರು ಕತ್ತರಿ ಹಿಡಿದು ಬಂದರು. ನಮಸ್ಕಾರ ಹೋಯಿತು, ಕ್ಷೇಮ ಹೋಯಿತು, ಹಂಪೆ ಹಾಳಾಗುವುದು ಇದು ಎರಡನೆಯ ಸಲ, ಕೃತಜ್ಞತೆಯೂ ಹೋಯಿತು. ಉಳಿದದ್ದು ಕೊನೆಯ ಸಾಲು ಮಾತ್ರ. ಪಕ್ಕದಲ್ಲಿ, ಅನಗತ್ಯ ಭಾಗ ತೆಗೆದಿದೆ ಎಂಬ ಟಿಪ್ಪಣಿ.

"ನಮಸ್ಕಾರ ಹಾಕಿದ್ರ ಯಾಕ ತಗೀಬೇಕು?" ಶಾರದಕ್ಕನಿಗೆ ಕಣ್ಣು ಕೆಂಪಾಯಿತು. "ಇವರ ಮನಿಯಾಗ ಹೆಣ್ಣುಮಕ್ಕಳು ಇಲ್ಲೇನು, ಬಂದೋರಿಗೆ ಕುಂದ್ರಿ ಅನ್ನಾಕ?"

ಇದ್ದರೋ ಇಲ್ಲವೋ ನನಗೆ ತಿಳಿಯದು. ಅವಮಾನವಾಯಿತೇ ಎಂದು ನೀವು ಕೇಳಬಹುದು. ಆಯಿತು. ಕಂಪ್ಯೂಟರ್ ಮುಚ್ಚಿ ಮನೆಗೆ ಹೋಗಿ ಬಿ.ಎಡ್. ಮಾಡಿದವಳಂತೆ ಗಂಭೀರವಾಗಿ ಊಟ ಮಾಡಿದೆ. ಆದರೆ ಊಟದ ನಡುವೆ ಒಂದು ಹಳೆಯ ಪ್ರಯಾಣ ನೆನಪಾಯಿತು, ಅದರಿಂದ ಮನಸ್ಸು ಸ್ವಲ್ಪ ತಿರುಗಿತು.

ಅದೇ ಸೋದರಮಾವ, ಅದೇ ಜೀಪು. ಬಂಡ್ರಿಯ ಹತ್ತಿರದ ಒಂದು ಹಳ್ಳಿಗೆ ಮದುವೆಗೆ ಹೊರಟಿದ್ದೆವು. ಸಂಡೂರಿನ ವೃತ್ತದಲ್ಲಿ ದಾರಿ ಕೇಳಿದೆವು. ಚಹಾದಂಗಡಿಯಲ್ಲಿದ್ದವರೆಲ್ಲ ಎದ್ದು ಬಂದರು. ಎಷ್ಟು ಜನರೋ ಅಷ್ಟು ದಾರಿಗಳು. ಗೊತ್ತಿಲ್ಲ ಎಂದವರು ಒಬ್ಬರೂ ಇಲ್ಲ, ಏಕೆಂದರೆ ಮನೆಮುಂದೆ ಬಂದು ಕೇಳಿದವರಿಗೆ ಗೊತ್ತಿಲ್ಲವೆನ್ನುವುದು ಬರಿಗೈಯಲ್ಲಿ ಕಳಿಸಿದಂತೆ. ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು, "ನೀವು ಹಂಗ ಹೋದ್ರ ತಪ್ಪಿಸಿಕೊಂತೀರಿ, ನಡ್ರಿ ನಾನ ತೋರಸ್ತೀನಿ" ಎಂದು ಜೀಪು ಹತ್ತಿಯೇಬಿಟ್ಟರು. ದಾರಿಯುದ್ದಕ್ಕೂ ನಮ್ಮ ಮನೆತನದ ಪೂರ್ವೋತ್ತರ ಕೇಳಿದರು, ತಮ್ಮದು ಹೇಳಿದರು, ಮಾವನಿಗೆ ಎಲೆಅಡಿಕೆ ಮಡಚಿಕೊಟ್ಟರು. ಗುಡ್ಡದ ಮಗ್ಗುಲಲ್ಲಿ ದಾರಿ ಮುಗಿದು ಮುಂದೆ ಬರೀ ಕಂದಕ ಕಂಡಾಗ ಕೆಳಗಿಳಿದು, ಸುತ್ತ ನೋಡಿ, ನಿರ್ಮಲವಾಗಿ, "ನಾನೂ ಈ ಕಡೆ ಬಂದಿರಲಿಲ್ಲ ನೋಡ್ರಿ" ಎಂದರು. ನಾವು ಮದುವೆಯ ಮನೆ ಮುಟ್ಟಿದಾಗ ಹಂಡೆ ತೊಳೆಯುತ್ತಿದ್ದರು. ಆ ಹಿರಿಯರೂ ನಮ್ಮ ಜೊತೆ ಕೂತು ಉಳಿದದ್ದನ್ನು ಉಂಡರು. ಇಂದಿಗೂ ನನಗೆ ಅವರ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ. ಅಷ್ಟು ಹಿತವಾಗಿ ನನ್ನನ್ನು ಯಾರೂ ದಾರಿ ತಪ್ಪಿಸಿಲ್ಲ.

ಆದರೆ ಸೋಮವಾರ ಬೆಳಿಗ್ಗೆ ಗೌಡರು ಬರುವುದಿತ್ತು, ಹಿತವಾಗಿ ತಪ್ಪಿಸಿಕೊಳ್ಳುವ ಅವಕಾಶ ನನಗಿರಲಿಲ್ಲ. ಆ ಕುಂದ್ರಿ ಅನ್ನದ ಮನೆಯಲ್ಲಿ ಸಾವಿರಾರು ಜನ ಇದ್ದರಂತೆ. ತಿಳಿಯದವರು ಯಾರೂ ಬಾಯಿ ತೆರೆದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಮರುದಿನ ಹೋಗಿ ಆ ದೀರ್ಘ ಉಪದೇಶವನ್ನು ಪೂರ್ತಿ ಓದಿದೆ. ಅದರ ಸಾರಾಂಶ ಇಷ್ಟೇ: ಚಪ್ಪಲಿ ಮೆಟ್ಟುವಾಗ ಹೇಳುವ ಮಾತನ್ನು ಚಪ್ಪಲಿ ಬಿಡುವ ಮೊದಲೇ ಹೇಳು. ಹಾಗೆಯೇ ಮಾಡಿದೆ. ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು, ಕೆಳಗೆ ಪ್ರೋಗ್ರಾಮು. ನಮಸ್ಕಾರ ಬರೆಯದ ಕೈ ಸ್ವಲ್ಪ ಹೊತ್ತು ನನ್ನದಲ್ಲವೆನ್ನಿಸಿತು.

ಈ ಸಲ ಉತ್ತರ ಕೊಟ್ಟವರ ಬಳಕೆಯ ಹೆಸರಿನಲ್ಲಿ ಮುಂಗುಸಿ ಇತ್ತು, ಪಕ್ಕದ ಚಿತ್ರದಲ್ಲೂ ಮುಂಗುಸಿ. ಶಾರದಕ್ಕ ಆ ಕ್ಷಣವೇ ಅವರಿಗೆ ಮುಂಗುಸಿ ಮಾವ ಎಂದು ನಾಮಕರಣ ಮಾಡಿದರು. ನಮ್ಮ ಸಂಜೆ ಅವರಿಗೆ ಬೆಳಗೆಂಬುದನ್ನು ಬಿಟ್ಟರೆ ಅವರ ಊರು ಯಾವುದೆಂದು ತಿಳಿಯಲಿಲ್ಲ. ಅವರು ನನ್ನ ಪ್ರೋಗ್ರಾಮನ್ನು ಸಾಲುಸಾಲಾಗಿ ಹರಿದು ಹಾಕಿದರು. ಇದು ಕೊಳಕು, ಇದು ಅನಗತ್ಯ, ಇದನ್ನು ನಿನಗೆ ಕಲಿಸಿದವರನ್ನು ವಿಚಾರಣೆಗೆ ಒಳಪಡಿಸಬೇಕು, ಎಂದೆಲ್ಲ ಬರೆದು, ಕೊನೆಗೆ, ಆದರೆ ಇದರಲ್ಲಿ ತಪ್ಪಿಲ್ಲ ಎಂದರು. ನನಗೆ ಅದು ಪ್ರಶಸ್ತಿಪತ್ರದಂತೆ ಕಂಡಿತು. ಮುಂದಿನ ಸಾಲಿನಲ್ಲಿ, "ಮಗನೇ, ಮೊದಲು ನಡೆಯುತ್ತಿತ್ತು, ಈಗ ನಡೆಯುತ್ತಿಲ್ಲ ಎನ್ನುತ್ತೀಯೆ. ನಡುವೆ ಏನು ಬದಲಾಯಿತು?" ಎಂದು ಕೇಳಿದ್ದರು.

"ನಿನಗ ಮಗಾ ಅಂತಾನಲ್ಲ, ಹುಡುಗಿ ಅಂತ ನೀನರ ಹೇಳಬಾರದೇನು?" ಎಂದರು ಶಾರದಕ್ಕ.

"ಇರ್ಲಿ ಬಿಡಕ್ಕ. ಬೈಸಿಕೊಳ್ಳಾಕ ಯಾರಾದರೇನು."

ಶಾರದಕ್ಕನ ಗಾಜಿನ ಗೂಡಿನಿಂದಲೇ ಅಂಗಳಕ್ಕೆ ಫೋನು ಹಚ್ಚಿದೆ. ಕಾಟಾ ನೋಡಿಕೊಳ್ಳುವವರು ಈರಣ್ಣ, ಭಕ್ತಿವಂತರು, ಮಾತಿಗೆ ಎರಡು ಸಲ ಶಿವನೇ ಎನ್ನುವವರು.

"ಈರಣ್ಣಾರ, ಬುಧವಾರತನಕ ಚಲೋ ಇತ್ತಲ್ರಿ. ಆಮ್ಯಾಲ ಏನರ ಬದಲಾತೇನು?"

"ಏನೂ ಇಲ್ರಿ ಮೇಡಂ. ಎಲ್ಲಾ ಇದ್ದಂಗ ಐತಿ. ಕಾಟಾ ಅಲ್ಲೇ ಐತಿ, ನಾನೂ ಇಲ್ಲೇ ಅದೀನಿ."

"ಯಾರರ ತಂತಿ ಪಂತಿ ಮುಟ್ಟಿದ್ರೇನು?"

"ಶಿವನೇ, ಮುಟ್ಟಾಕ ಬಿಡ್ತೀನೇನ್ರಿ ನಾನು? ನಿಮ್ಮ ಕಂಪ್ಯೂಟರ್‌ನ ಮನಿದೇವರಂಗ ನೋಡ್ಕೊಂಡೀನಿ. ನಿಮ್ದು ಊಟಾತೇನ್ರಿ?"

ಊಟವಾಗಿದೆ ಎಂದೆ. ಏನೂ ಬದಲಾಗಿಲ್ಲವೆಂದು ವೇದಿಕೆಗೆ ಬರೆದೆ. ಮುಂಗುಸಿ ಮಾವನ ಉತ್ತರ ಬರಲು ತಡವಾಗಲಿಲ್ಲ: "ಏನೋ ಬದಲಾಗಿದೆ. ಯಾವಾಗಲೂ ಏನೋ ಬದಲಾಗಿರುತ್ತದೆ. ಕೇಳಬೇಡ, ಹೋಗಿ ನೋಡು. ತಂತಿಯ ಎರಡೂ ತುದಿ ನೋಡು."

ಹೋಗಿ ನೋಡು ಎನ್ನುವುದು ಅವರಿಗೆ ಸುಲಭ. ನಮ್ಮಲ್ಲಿ ಒಬ್ಬರು ಏನೂ ಇಲ್ಲವೆಂದ ಮೇಲೆ ಹೋಗಿ ನೋಡುವುದೆಂದರೆ ಅವರ ಮಾತಿಗೆ ಬೆಲೆ ಕೊಡಲಿಲ್ಲವೆಂದೇ. ಈರಣ್ಣನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂದು ಭಾನುವಾರವೆಲ್ಲ ಯೋಚಿಸಿದೆ. ಸೋಮವಾರ ಬೆಳಿಗ್ಗೆ, ಗೌಡರಿಗಿಂತ ಮೊದಲೇ ತಲುಪಬೇಕೆಂದು, ತೋರಣಗಲ್ಲಿನ ಕಡೆ ಪಾಳಿಗೆ ಹೋಗುವವರ ಬಸ್ಸು ಹತ್ತಿದೆ. ಬಸ್ಸಿನ ಕಿಟಕಿ, ಸೀಟು, ಕಂಡಕ್ಟರರ ಹುಬ್ಬು ಎಲ್ಲವೂ ಒಂದೇ ಕೆಂಪು. ಅಂಗಳದ ಮುಂದೆ ಇಳಿದಾಗ ನಾನೂ ಆ ಬಣ್ಣಕ್ಕೆ ತಿರುಗಿದ್ದೆ.

ಕಾಟಾದ ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತವಳು ಹಾಗೆಯೇ ನಿಂತೆ. ಕಂಪ್ಯೂಟರಿನ ನೆತ್ತಿಯ ಮೇಲೆ ಒಣಗಿದ ಚೆಂಡುಹೂವಿನ ಮಾಲೆ. ಮೌಸಿಗೆ ಕುಂಕುಮ. ಕೀಲಿಮಣೆಯ ಎರಡೂ ಬದಿಗೆ ಒಂದೊಂದು ಕಾಯಿಹೋಳು. ತೂಕದ ಡಬ್ಬಿಯ ಹಣೆಯ ಮೇಲೆ, ಅದಕ್ಕೆ ಹಣೆ ಎಂಬುದಿದೆ ಎಂದು ನನಗೆ ಅಂದೇ ತಿಳಿದದ್ದು, ಮೂರು ಬೆರಳಿನ ಅಗಲವಾದ ವಿಭೂತಿ. ಬುಧವಾರ ಅಮಾವಾಸ್ಯೆಯಾಗಿತ್ತು.

ಡಬ್ಬಿಯ ಹಿಂದೆ ಬಗ್ಗಿ ತಂತಿಯನ್ನು ಬಿಡಿಸಿ ನೋಡಿದೆ. ತಂತಿಯ ತುದಿಯಲ್ಲಿ ಸಣ್ಣ ಸಣ್ಣ ಪಿನ್ನುಗಳ ಸಾಲು ಇರುತ್ತದೆ; ತೂಕವೆಲ್ಲ ಅವುಗಳ ಮೂಲಕವೇ ಹಾದು ಬರಬೇಕು. ಆ ಸಾಲು ಕಾಣುತ್ತಿರಲಿಲ್ಲ. ನೀರಲ್ಲಿ ಕಲಸಿ ಹಚ್ಚಿದ ವಿಭೂತಿ ಪಿನ್ನುಗಳ ನಡುನಡುವೆ ಗಾರೆಯಂತೆ ಕೂತಿತ್ತು, ಅದರ ಮಧ್ಯದಲ್ಲಿ ಒಂದು ಅಚ್ಚುಕಟ್ಟಾದ ಕುಂಕುಮದ ಬೊಟ್ಟು.

"ಈರಣ್ಣಾರ, ಇದನ್ನ ಯಾಕ ಬಿಚ್ಚಿದ್ರಿ?"

"ಮ್ಯಾಲೆ ಹಚ್ಚಿದ್ರ ಮುಗೀತೇನ್ರಿ ಮೇಡಂ? ಜೀವ ಒಳಗಲ್ಲ ಇರೋದು? ನೀವ ಹೇಳಿದ್ರಿ, ತೂಕ ಎಲ್ಲಾ ಈ ತುದಿಯೊಳಗಿಂದ ಬರ್ತೈತಿ ಅಂತ. ಅದಕ್ಕ ಮೂಲಕ್ಕ ಹಚ್ಚಿದೆ."

ಹೌದು, ಹೇಳಿದ್ದೆ. ಕೆಲಸ ಕಲಿಸುವ ಉತ್ಸಾಹದಲ್ಲಿ ಬಹಳ ಚೆನ್ನಾಗಿಯೇ ಹೇಳಿದ್ದೆ.

"ಮತ್ತ ಫೋನಿನ್ಯಾಗ ಏನೂ ಬದಲಾಗಿಲ್ಲ ಅಂದ್ರಲ್ರಿ?"

ಈರಣ್ಣ ನನ್ನನ್ನು ಕರುಣೆಯಿಂದ ನೋಡಿದರು. "ಅಮಾಸಿ ಪೂಜಿ ಬದಲಾವಣಿ ಹೆಂಗಾಕತ್ರಿ? ಪೂಜಿ ಮಾಡದ ಬಿಟ್ಟಿದ್ರ ಬದಲಾವಣಿ ಆಗ್ತಿತ್ತು."

ಗಾಯಕ್ಕೆ ಹಚ್ಚಲು ಇಟ್ಟಿದ್ದ ಸ್ಪಿರಿಟ್ಟು, ಹತ್ತಿ, ಅಂಗಳದ ಹಿಂದಿನ ಮನೆಯಿಂದ ಈರಣ್ಣನ ಹೆಂಡತಿ ತಂದುಕೊಟ್ಟ ಒಂದು ತೆಳ್ಳನೆಯ ಹೊಲಿಗೆ ಸೂಜಿ, ಇವುಗಳಿಂದ ಒಂದೊಂದೇ ಪಿನ್ನು ಬಿಡಿಸತೊಡಗಿದೆ. ಹತ್ತಿಗೆ ಬಂದ ವಿಭೂತಿಯನ್ನು ಕೆಳಗೆ ಬೀಳಲು ಈರಣ್ಣ ಬಿಡಲಿಲ್ಲ. ಬಂದಷ್ಟನ್ನು ಬೆರಳಿಗೆ ತೆಗೆದುಕೊಂಡು ತಮ್ಮ ಹಣೆಗೆ ಹಚ್ಚಿಕೊಳ್ಳುತ್ತ ಹೋದರು. ಕೆಲಸ ಮುಗಿಯುವ ಹೊತ್ತಿಗೆ ಪಿನ್ನುಗಳು ಬೆಳ್ಳಗೆ ಹೊಳೆಯುತ್ತಿದ್ದವು, ಈರಣ್ಣ ಮಠದ ಸ್ವಾಮಿಗಳಂತೆ ಕಾಣುತ್ತಿದ್ದರು. ಹೊರಗೆ ಜೀಪಿನ ಸದ್ದಾಯಿತು. ತಂತಿ ಸಿಕ್ಕಿಸಿದೆ.

ಗೌಡರು ಬಾಗಿಲಲ್ಲಿ ನಿಂತರು. ಒಂದು ಲಾರಿ ಮುಲುಗುತ್ತ ಕಾಟಾ ಹತ್ತಿತು. ಪರದೆಯಲ್ಲಿ ಒಮ್ಮೆ ಏನೂ ಇಲ್ಲ. ಆಮೇಲೆ ಅಂಕಿಗಳು, ಬರೀ ಅಂಕಿಗಳು, ಡಬ್ಬಿಯ ಮೇಲಿದ್ದವೇ.

"ಬಂತೇನವಾ?"

"ಬಂತ್ರಿ."

"ಹೂಂ. ಇರ್ಲಿ ಹಂಗಾದ್ರ. ಇನ್ನೊಮ್ಮೆ ಆ ಚುಕ್ಕಿ ಗೆರಿ ಕಾಣಿಸಿದ್ರ ಮಾತ್ರ ಕಿತ್ತಿ ಒಗೀತೀನಿ ನೋಡು. ಮಂಜಣ್ಣಗೂ ಹೇಳು."

ಹೇಳಿದೆ. ಮಂಜಣ್ಣ ಫೋನಿನಲ್ಲೇ ಸಂಡೂರಿನ ಯಾರಿಗೋ ಹೂಂ ಅಂದರು. ಮಾವನಿಗೆ ಜೀಪು ಬೇಡವೆಂದೆ. ಅವರು ಸೀಟಿನ ಮೇಲಿನ ಟವೆಲು ಈಗಲೇ ತೆಗೆಯುವುದಿಲ್ಲ ಎಂದರು. ಅದೂ ಸರಿಯೇ, ಏಕೆಂದರೆ ಮುಂದಿನ ಅಮಾವಾಸ್ಯೆ ಬಂದೇ ಬರುವುದಿತ್ತು. ಹೊರಡುವಾಗ ಈರಣ್ಣನಿಗೆ, ಪೂಜೆ ಮಾಡಿರಿ, ಡಬ್ಬಿಯ ಮೇಲೆ ಎಷ್ಟು ಬೇಕಾದರೂ ಹಚ್ಚಿರಿ, ತಂತಿ ಮಾತ್ರ ಬಿಚ್ಚಬೇಡಿರಿ ಎಂದು ಬೇಡಿಕೊಂಡಿದ್ದೆ.

"ನನಗ ತಿಳೀತ್ರಿ. ಆದ್ರ ನನ್ನ ಪಾಳಿ ಮುಗದ ಮ್ಯಾಲ ಬಸವರಾಜ ಬರ್ತಾನ, ಅವನ ಭಕ್ತಿ ನನಗಿಂತ ಜಾಸ್ತಿ. ಅವಗ ನಾ ಹೇಳಿದ್ರ ಕೇಳ್ತಾನೇನು? ನೀವು ಕಂಪ್ಯೂಟರ್‌ನ್ಯಾಗ ಹಾಕಿಬಿಡ್ರಿ. ಅದು ಹೇಳಿದ್ರ ಎಲ್ಲಾರೂ ಕೇಳ್ತಾರ."

ಸಂಜೆ ವೇದಿಕೆಗೆ ಹೋದೆ. ಸಮಸ್ಯೆ ಬಗೆಹರಿದರೆ ಕಾರಣವನ್ನು ಬರೆಯಬೇಕು, ಮುಂದೆ ಬರುವವರಿಗೆ ಬೇಕಾಗುತ್ತದೆ ಎಂಬುದು ಆ ಮನೆಯ ಕಟ್ಟಳೆ. ಮುಂದೆ ಯಾರಿಗೆ ಬೇಕಾದೀತೋ ಅರಿಯೆ, ಆದರೂ ಬರೆದೆ. ಅಮಾವಾಸ್ಯೆ ಎಂದರೇನು, ವಿಭೂತಿ ಎಂದರೇನು, ಈರಣ್ಣ ಯಾರು, ಅವರು ಮೂಲಕ್ಕೇ ಏಕೆ ಹಚ್ಚಿದರು, ಏನೂ ಬದಲಾಗಿಲ್ಲವೆಂದದ್ದು ಸುಳ್ಳಲ್ಲ ಏಕೆ. ಬರೆಯುತ್ತ ಹೋದಂತೆ ಅದು ಮೊದಲಿನಷ್ಟೇ ಉದ್ದವಾಯಿತು, ನಮಸ್ಕಾರವೂ ನುಸುಳಿತು. ಈಗ ಕತ್ತರಿಯವರು ಬರುತ್ತಾರೆಂದು ಕಾದು ಕೂತೆ.

ಬಂದರು. ಆದರೆ ಕತ್ತರಿಸಲಿಲ್ಲ. ಅವರ ಕಚೇರಿಯಲ್ಲಿ ಪ್ರಿಂಟರಿನ ಮೇಲೆ ಒಂದು ಪ್ಲಾಸ್ಟಿಕ್ ಬಾತುಕೋಳಿ ಇದೆಯಂತೆ, ಅದನ್ನು ಸರಿಸಿದರೆ ಪ್ರಿಂಟರ್ ನಿಲ್ಲುತ್ತದಂತೆ, ಯಾರೂ ಅದನ್ನು ಸರಿಸಿದ್ದಾಗಿ ಒಪ್ಪುವುದಿಲ್ಲವಂತೆ. ಆ ಒಂಟಿ ಪ್ರಶ್ನಾರ್ಥಕ ಹಾಕಿದವರು, ತಾವು ಶುಕ್ರವಾರ ಹೊಸ ಪ್ರೋಗ್ರಾಮ್ ಶುರುಮಾಡುವುದೇ ಇಲ್ಲವೆಂದು ಒಂದು ಇಡೀ ಪರಿಚ್ಛೇದ ಬರೆದರು. ಅವರಿಗೆ ಇಷ್ಟು ಅಕ್ಷರ ಗೊತ್ತಿದ್ದದ್ದು ನೋಡಿ ನನಗೆ ಆಶ್ಚರ್ಯವಾಯಿತು. ಮನೆಗೆಲಸವೇ ಎಂದವರು ತಮ್ಮ ಅಜ್ಜಿ ಹೊಸ ಯಂತ್ರದ ಮೇಲೆ ಶಿಲುಬೆಯ ಗುರುತು ಮಾಡುತ್ತಿದ್ದುದನ್ನು ನೆನೆದರು. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ವಿಭೂತಿಯನ್ನು ಹೊರತೆಗೆದರು. ಮಾತಾಡಲು ಬಾರದವರೆಂದುಕೊಂಡಿದ್ದೆ, ಕೆಲಸ ಮುಗಿಯುವ ತನಕ ಮಾತಾಡದವರು ಅವರು, ಅಷ್ಟೇ. ನಾವು ಚಹಾ ಮುಗಿಸಿ ಕೆಲಸಕ್ಕೆ ಬರುತ್ತೇವೆ, ಅವರು ಕೆಲಸ ಮುಗಿಸಿ ಚಹಾಕ್ಕೆ ಬಂದಿದ್ದರು.

ಹೊಸಬರ ಮುಖಕ್ಕೆ ಬಾಗಿಲು ಹಾಕುವುದು ಒಳ್ಳೆಯದೆಂದು ಇದರಿಂದ ನಾನು ಹೇಳುತ್ತಿಲ್ಲ. ಆ ಒಂದು ಚಿಹ್ನೆ ಕಂಡು ತಿರುಗಿ ಹೋದವರು ಎಷ್ಟು ಮಂದಿಯೋ. ನನ್ನ ಬೆನ್ನ ಹಿಂದೆ ಗೌಡರು, ಮಂಜಣ್ಣ, ಮಾವನ ಜೀಪು ಸಾಲಾಗಿ ನಿಂತಿರದಿದ್ದರೆ ನಾನೂ ತಿರುಗಿ ಹೋಗುತ್ತಿದ್ದೆ. ಕುಂದ್ರಿ ಎನ್ನಲು ಹೆಚ್ಚೇನೂ ಖರ್ಚಾಗುವುದಿಲ್ಲ. ಆದರೆ ಗೊತ್ತಿಲ್ಲದ ದಾರಿಯನ್ನು ತೋರಿಸಲು ಜೀಪು ಹತ್ತದೆ ಇರುವುದೂ ಒಂದು ಮರ್ಯಾದೆಯೇ ಎಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಮುಂಗುಸಿ ಮಾವ ಕೊನೆಗೆ ಬಂದರು. ಮೊಣಕಾಲಿಗೆ ಆಪರೇಷನ್ ಆಗಿ ಮನೆಯಲ್ಲಿ ಕಾಲು ಚಾಚಿ ಕೂತಿರುವುದಾಗಿಯೂ, ಬೇರೆ ಕೆಲಸವಿಲ್ಲದೆ ದಿನವಿಡೀ ಅಪರಿಚಿತರನ್ನು ಬೈಯುತ್ತಿರುವುದಾಗಿಯೂ, ನನ್ನ ಬರಹ ಓದಿ ನಕ್ಕು ಮೊಣಕಾಲು ನೋವಾಯಿತೆಂದೂ ಬರೆದಿದ್ದರು. "ಆ ಈರಣ್ಣ ಎನ್ನುವವರಿಗೆ ನನ್ನ ವಂದನೆ. ಅವರು ಮೂಲಕ್ಕೇ ಹೋದರು. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಅರ್ಧದಷ್ಟು ಮಂದಿ ಅಲ್ಲಿಗೆ ಹೋಗಲೇ ಇಲ್ಲ."

ಮರುದಿನ ಬೆಳಿಗ್ಗೆ ಶಾರದಕ್ಕ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಕೂತೆ. ಯಾವುದೇ ತಿಂಗಳ ಅಮಾವಾಸ್ಯೆಯ ದಿನವನ್ನು ಪ್ರೋಗ್ರಾಮಿನಲ್ಲಿ ಲೆಕ್ಕ ಹಾಕುವುದು ಹೇಗೆ ಎಂದು ವೇದಿಕೆಯಲ್ಲಿ ಕೇಳಿದೆ. ಆ ದಿನ ಪರದೆಯ ಮೇಲೆ ತಂತಿ ಬಿಚ್ಚಬೇಡಿರಿ ಎಂಬ ಸಾಲು ತಾನಾಗಿ ಮೂಡಬೇಕು ಎಂದೆ. ಏನು ಮಾಡಿದೆ, ಎಲ್ಲಿ ತಪ್ಪಿತು, ಎಲ್ಲವೂ ಕ್ರಮವಾಗಿ, ಒಂದು ಮಾತ್ರೆ ಹೆಚ್ಚಿಲ್ಲ.

ಶಾರದಕ್ಕ ಕಸಬರಿಗೆ ಹಿಡಿದೇ ಬಗ್ಗಿ ಓದಿಸಿಕೊಂಡರು. "ಆ ಮನುಷ್ಯಾಗ ಕಾಲು ಕೊಯ್ದಾರಂತ, ನೀ ಬರೇ ಅಮಾಸಿ ಕೇಳ್ತಿಯಲ್ಲ. ಚಂದ ಕಾಣತೈತೇನು?"

ಕಾಣುವುದಿಲ್ಲ. ಪ್ರಶ್ನೆಯ ಕೆಳಗೆ ಒಂದು ಸಾಲು ಜಾಗ ಬಿಟ್ಟು, ಮೊಣಕಾಲು ಈಗ ಹೇಗಿದೆ, ಮೆಟ್ಟಿಲು ಹತ್ತಬೇಡಿ ಎಂದು ಬರೆದೆ. ಕತ್ತರಿಸುವವರು ಕತ್ತರಿಸಲಿ ಎಂದುಕೊಂಡು ಕಳಿಸಿದೆ.